ಹೋಗುವವರಾರು, ಉಳಿಯುವವರಾರು?

ಬಳ್ಳಾರಿ ಹಾಗೂ ವಿಜಯನಗರ ಜಿಲ್ಲೆಗಳ ವಿಷಯದಲ್ಲಿ ಒಂದು ವಿಲಕ್ಷಣವಾದ ಸಂಗತಿಯು ವಾಚಕರ ಲಕ್ಷ್ಯಕ್ಕೆ ಬಂದಿರಲೇಬೇಕು. ಸಂಡೂರು ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರಖಾನೆಗೆ ಬಿಹಾರ, ಒಡಿಶಾ, ಝಾರ್ಖಂಡಗಳಿಂದ ಕೂಲಿಕಾರರು ಬರುತ್ತಾರೆ. ದೂರದೂರದ ಪ್ರಾಂತಗಳಿಂದ ಎಂಜಿನಿಯರರು ಬರುತ್ತಾರೆ. ಅದೇ ಸಂಡೂರಿನ ತಾಂಡಾಗಳಿಂದ ಲಂಬಾಣಿ ಕುಟುಂಬಗಳು ಕಬ್ಬು ಕಡಿಯಲೆಂದೂ, ಕಾಫಿಯ ತೋಟಗಳಲ್ಲಿ ದುಡಿಯಲೆಂದೂ, ಬೆಂಗಳೂರಿನಲ್ಲಿ ಮಹಡಿಗಳನ್ನು ಕಟ್ಟಲೆಂದೂ ಗುಳೆ ಹೋಗುತ್ತವೆ. ಹೊಸಪೇಟೆಯ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಕಲಿತ ತರುಣನು ಪದವಿಯು ಕೈಗೆ ಬಂದೊಡನೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತು ಬೆಂಗಳೂರಿನ ಹಾದಿ ಹಿಡಿಯುತ್ತಾನೆ. ಅಲ್ಲಿಂದ ಮುಂದೆ ಅಮೇರಿಕೆಯನ್ನು ಕಾಣುತ್ತಾನೆ. ಒಂದೇ ನೆಲವು ಒಂದೇ ಕಾಲಕ್ಕೆ ಜನರನ್ನು ಕಳಿಸುತ್ತಲೂ ಇದೆ, ಬರಮಾಡಿಕೊಳ್ಳುತ್ತಲೂ ಇದೆ. ನಾಡು ಬಡತನದ್ದು, ಅದಕ್ಕೇ ಜನರು ಹೋಗುತ್ತಾರೆ ಎಂದರೆ ಬರುವವರ ಲೆಕ್ಕ ಹತ್ತುವದಿಲ್ಲ. ನಾಡು ಸಂಪತ್ತಿನದು, ಅದಕ್ಕೇ ಜನರು ಬರುತ್ತಾರೆ ಎಂದರೆ ಹೋಗುವವರ ಲೆಕ್ಕ ಹತ್ತುವದಿಲ್ಲ.

ಈ ಬಗ್ಗೆ ನಮ್ಮ ಪಟ್ಟಣಗಳಲ್ಲಿ ಎರಡು ಮಾತುಗಳು ರೂಢಿಯಾಗಿವೆ. ಸುಶಿಕ್ಷಿತರ ಮಟ್ಟಿಗೆ, "ಯೋಗ್ಯರಾದವರೆಲ್ಲ ಹೊರಟುಹೋದರು, ಉಳಿದವರು ಉಳಿದರು" ಎಂಬದು ಒಂದು. ಕೂಲಿಕಾರರ ಮಟ್ಟಿಗೆ, "ಕೈಲಾಗದವರು ಗುಳೆ ಹೋಗುತ್ತಾರೆ" ಎಂಬದು ಇನ್ನೊಂದು. ಈ ಎರಡು ಮಾತುಗಳೂ ತಪ್ಪು ತಿಳುವಳಿಕೆಯಿಂದ ಹುಟ್ಟಿದವು, ಮತ್ತು ಎರಡೂ ಜನರಿಗೆ ಅವಮಾನಕಾರಕವಾದವು. ಅಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಇಂಥ ತಿಳುವಳಿಕೆಯ ಮೇಲೆಯೇ ಯೋಜನೆಗಳು ರಚಿತವಾಗುತ್ತಿರುವದರಿಂದ ಈ ವಿಷಯವನ್ನು ಬುಡದಿಂದ ವಿಚಾರಿಸುವದು ಅವಶ್ಯವಾಗಿದೆ.

ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬಹಳ ದಿನಗಳಾದವು. 1951ರಲ್ಲಿ ಎ. ಡಿ. ರಾಯ್ ಎಂಬ ಆಂಗ್ಲ ಪಂಡಿತರು ಒಂದು ಸಣ್ಣ ಲೇಖನದಲ್ಲಿ ಒಂದು ಹಳ್ಳಿಯನ್ನು ಕಲ್ಪಿಸಿದರು. ಆ ಹಳ್ಳಿಯಲ್ಲಿ ಎರಡೇ ಉದ್ಯೋಗಗಳು: ಮೊಲದ ಬೇಟೆ ಮತ್ತು ಮೀನು ಹಿಡಿಯುವದು. ಮೊಲವನ್ನು ಹಿಡಿಯುವದು ಸುಲಭ; ಜಾಣನಿಗೂ ದಡ್ಡನಿಗೂ ಹೆಚ್ಚು ಕಡಿಮೆ ಒಂದೇ ಸಂಖ್ಯೆಯ ಮೊಲಗಳು ಸಿಕ್ಕುತ್ತವೆ. ಮೀನಿನ ಮಾತು ಹಾಗಲ್ಲ. ಅಲ್ಲಿ ಕುಶಲನು ಬುಟ್ಟಿ ತುಂಬಿಕೊಂಡು ಬರುತ್ತಾನೆ, ಅಕುಶಲನು ಬರಿಗೈಯಿಂದ ಬರುತ್ತಾನೆ. ಹೀಗಿರುವಾಗ ಯಾರು ಯಾವ ಉದ್ಯೋಗಕ್ಕೆ ಹೋಗುವರು? ಎರಡರ ಸರಾಸರಿ ಗಳಿಕೆಯನ್ನು ನೋಡಿ ಯಾರೂ ಹೋಗುವದಿಲ್ಲ. ತನ್ನ ಕೈಗುಣಕ್ಕೆ ಎಲ್ಲಿ ಹೆಚ್ಚು ಬೆಲೆ ಬರುವದೆಂಬದನ್ನು ನೋಡಿ ಹೋಗುತ್ತಾರೆ. ಕ್ಯೂಬಾದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೇರಿಕೆಗೆ ವಲಸೆ ಬಂದ ಜಾರ್ಜ್ ಬೋರ್ಹಾಸ್ ಎಂಬವರು 1987ರಲ್ಲಿ ಇದೇ ವಿಚಾರವನ್ನು ದೇಶಾಂತರ ಹೋಗುವವರಿಗೆ ಅನ್ವಯಿಸಿದರು.

ಇದನ್ನು ನಮ್ಮ ಊರಿನ ಲೆಕ್ಕದಿಂದ ಸ್ಪಷ್ಟಪಡಿಸುವೆವು. ಈ ಅಂಕಿಗಳು ಕೇವಲ ಉದಾಹರಣೆಗಾಗಿ ಕಲ್ಪಿಸಿದವು. ಊರಿನಲ್ಲಿ ಸಾಧಾರಣ ಎಂಜಿನಿಯರನಿಗೆ ತಿಂಗಳಿಗೆ 18,000 ರೂಪಾಯಿ, ನಿಪುಣನಿಗೆ 20,000 ರೂಪಾಯಿ ಎಂದುಕೊಳ್ಳೋಣ. ಬೆಂಗಳೂರಿನಲ್ಲಿ ಸಾಧಾರಣನಿಗೆ 22,000, ನಿಪುಣನಿಗೆ 60,000. ಬೆಂಗಳೂರಿನ ಬಾಡಿಗೆ, ಊಟ, ಓಡಾಟಗಳಿಗೆ 10,000 ಹೆಚ್ಚಿಗೆ ತಗಲುವದು. ಆಗ ನಿಪುಣನಿಗೆ 30,000 ರೂಪಾಯಿಗಳ ಲಾಭ. ಸಾಧಾರಣನಿಗೆ 6,000 ರೂಪಾಯಿಗಳ ಹಾನಿ. ಇಲ್ಲಿ ನಿಪುಣನು ಹೋಗುವನು, ಸಾಧಾರಣನು ಉಳಿಯುವನು. ಈಗ ಲೆಕ್ಕವನ್ನು ತಿರುವಿ ಹಾಕೋಣ. ಊರಿನಲ್ಲಿಯೇ ಸಾಧಾರಣನಿಗೆ 10,000, ನಿಪುಣನಿಗೆ 40,000, ಪರಸ್ಥಳದಲ್ಲಿ ಸಾಧಾರಣನಿಗೆ 25,000, ನಿಪುಣನಿಗೆ 30,000, ಖರ್ಚು ಮೊದಲಿನಷ್ಟೇ. ಆಗ ಸಾಧಾರಣನಿಗೆ 5,000 ಲಾಭ, ನಿಪುಣನಿಗೆ 20,000 ಹಾನಿ. ಈ ಸಲ ಹೋಗುವವನು ಸಾಧಾರಣನು, ಉಳಿಯುವವನು ನಿಪುಣನು. ಎರಡೂ ಲೆಕ್ಕಗಳಲ್ಲಿ ಮನುಷ್ಯರು ಅವರೇ, ಊರಿನ ಮೇಲಿನ ಅಭಿಮಾನವೂ ಅಷ್ಟೇ. ಬದಲಾದದ್ದು ಯೋಗ್ಯತೆಗೆ ಮತ್ತು ಗಳಿಕೆಗೆ ಇರುವ ಸಂಬಂಧ ಮಾತ್ರ. ಎಲ್ಲಿ ಗುಣಕ್ಕೆ ತಕ್ಕಂತೆ ಬೆಲೆ ಏರುವದೋ ಅಲ್ಲಿಗೆ ಗುಣವಂತರು ಹರಿಯುತ್ತಾರೆ. ಎಲ್ಲಿ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಬೆಲೆಯೋ ಅಲ್ಲಿಗೆ ಹಿಂದುಳಿದವರು ಹರಿಯುತ್ತಾರೆ.

ಇದು ಬರಿಯ ಕಾಗದದ ಮೇಲಿನ ವಿದ್ಯೆಯಲ್ಲ. ನಾರ್ವೆ ದೇಶದ 1865ರ ಜನಗಣತಿಯಲ್ಲಿಯ ಹುಡುಗರು 1900ರ ಹೊತ್ತಿಗೆ ಎಲ್ಲಿದ್ದರೆಂಬದನ್ನು ಹುಡುಕಿ, ಅಮೇರಿಕೆಗೆ ಹೋದ ಅಣ್ಣನನ್ನು ಊರಲ್ಲುಳಿದ ತಮ್ಮನೊಡನೆ ಹೋಲಿಸಿ, 2012ರಲ್ಲಿ ಮೂವರು ಸಂಶೋಧಕರು ಒಂದು ಪ್ರಬಂಧವನ್ನು ಪ್ರಕಟಿಸಿದರು. ನಾರ್ವೆಯ ಪಟ್ಟಣಗಳಿಂದ ಹೋದವರು ಗಳಿಕೆಯ ದೃಷ್ಟಿಯಿಂದ ಹೆಚ್ಚಾಗಿ ಕೆಳಗಿನ ಮೆಟ್ಟಿಲಿನವರೇ ಆಗಿದ್ದರೆಂದು ಅದರಲ್ಲಿ ಕಂಡುಬಂದಿತು. ಆದರೆ ಮೆಕ್ಸಿಕೋದ ವಿಷಯದಲ್ಲಿ ಬೋರ್ಹಾಸರ ನಿರೀಕ್ಷೆಯು ಪೂರ್ತಿ ನಿಜವಾಗಲಿಲ್ಲ. ಅಲ್ಲಿಂದ ಅಮೇರಿಕೆಗೆ ಹೋದವರು ತೀರ ಕೆಳಗಿನವರಲ್ಲ, ನಡುವಣವರು ಎಂದು ಚಿಕಿಯಾರ್ ಮತ್ತು ಹ್ಯಾನ್ಸನ್ ಎಂಬವರು 2005ರಲ್ಲಿ ತೋರಿಸಿದರು. ಇದಕ್ಕೆ ಒಂದು ಸರಳವಾದ ಕಾರಣವುಂಟು. ಹೋಗುವದಕ್ಕೂ ಹಣ ಬೇಕು. ದಾರಿಯ ಖರ್ಚಿಗೆ ಗತಿಯಿಲ್ಲದವನು, ಲಾಭವು ಕಣ್ಣಿಗೆ ಕಾಣುತ್ತಿದ್ದರೂ ಕುಳಿತಲ್ಲಿಯೇ ಕುಳಿತಿರುವನು. ಇನ್ನು ಭಾರತದಿಂದ ಅಮೇರಿಕೆಗೆ ಹೋಗಿ ನೆಲೆಸಿದ ವಯಸ್ಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಪದವೀಧರರು. ಇದು ಅವರ ಸ್ವಂತ ಆಯ್ಕೆಯಷ್ಟೇ ಅಲ್ಲ, ಬಾಗಿಲು ಕಾಯುವವನ ಆಯ್ಕೆಯೂ ಹೌದು. ಕುಶಲ ನೌಕರರಿಗಾಗಿ ಆ ದೇಶವು ಕೊಡುವ ಎಚ್-1ಬಿ ಪರವಾನಿಗೆಗಳ ವಾರ್ಷಿಕ ಮಿತಿಯನ್ನು 85,000ಕ್ಕೆ ಗೊತ್ತುಪಡಿಸಲಾಗಿದೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರುಗಳ ಶುಲ್ಕದ ಆಜ್ಞೆಯೂ ಹೊರಟಿತು. ಬಾಗಿಲು ಕಿರಿದಾದಷ್ಟೂ ಒಳಗೆ ಹೋಗುವವರು ಹೆಚ್ಚು ಆಯ್ದವರಾಗುತ್ತಾರೆ.

ಈಗ ನಮ್ಮ ತುಂಗಭದ್ರೆಯ ದಡಕ್ಕೆ ಬರೋಣ. ವಿಜಯನಗರದ ರಾಜಧಾನಿಯು ಗುಣಕ್ಕೆ ಬೆಲೆ ಕೊಡುತ್ತಿದ್ದ ಕಾಲದಲ್ಲಿ ಹೊರಗಿನವರು ಇಲ್ಲಿಗೆ ಬರುತ್ತಿದ್ದರು. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಬಂದನು. ಕೃಷ್ಣದೇವರಾಯನ ಕಾಲದಲ್ಲಿ ಪೋರ್ತುಗೀಜರು ಕುದುರೆಯ ವ್ಯಾಪಾರಕ್ಕೆ ಬಂದರು. ಇಂದಿನ ಹೊಸಪೇಟೆಯ ಹತ್ತಿರ ಕೆರೆಯನ್ನು ಕಟ್ಟಿಸುವಾಗ ರಾಯನು ಗೋವೆಯಿಂದ ಬಂದ ಒಬ್ಬ ಪೋರ್ತುಗೀಜ ಕಲ್ಲುಕೆಲಸದ ನಿಪುಣನ ನೆರವು ಪಡೆದನೆಂದು ನೂನಿಜನು ಬರೆದಿಟ್ಟಿದ್ದಾನೆ. 1565ರ ಯುದ್ಧದ ತರುವಾಯ ರಾಜಧಾನಿಯು ಪೆನುಕೊಂಡೆಗೆ ಹೋಯಿತು. ಕೊಳ್ಳುವವರು ಹೋದ ಮೇಲೆ ಕುಶಲತೆಗೆ ಇಲ್ಲಿ ಏನು ಕೆಲಸ? ಹಂಪಿಯ ಕಲ್ಲುಗಳು ಉಳಿದವು, ಕಲ್ಲು ಕೆತ್ತುವ ಕೈಗಳಿಗೆ ಕೆಲಸವು ಉಳಿಯಲಿಲ್ಲ.

ಇತ್ತೀಚಿನ ಕಾಲದ ಉದಾಹರಣೆಯು ಇನ್ನೂ ಬೋಧಪ್ರದವಾಗಿದೆ. ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಪ್ರಾರಂಭವಾಗಿ 1953ರಲ್ಲಿ ನೀರು ಕಾಲುವೆಗಳಿಗೆ ಹರಿಯಿತು. ಆಗ ಕಂಪ್ಲಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು ಸೀಮೆಗಳಿಗೆ ಕೃಷ್ಣಾ, ಗೋದಾವರಿ ಮುಖಜಭೂಮಿಗಳಿಂದ ತೆಲುಗು ರೈತರು ಬಂದು ನೆಲೆಸಿದರು. ಅವರು ನೆಲೆಸಿದ ಸ್ಥಳಗಳಿಗೆ ಇಂದಿಗೂ ಕ್ಯಾಂಪುಗಳೆಂದೇ ಹೆಸರು. ಅವರು ಹೊಟ್ಟೆಗಿಲ್ಲದೆ ಬಂದ ಜನರಲ್ಲ. ತಮ್ಮಲ್ಲಿ ದುಬಾರಿಯಾಗಿದ್ದ ಭೂಮಿಯನ್ನು ಮಾರಿ ಇಲ್ಲಿ ಅಗ್ಗವಾಗಿದ್ದ ಭೂಮಿಯನ್ನು ಹೆಚ್ಚು ಕೊಳ್ಳಬಲ್ಲವರಾಗಿದ್ದರು. ನೀರಾವರಿಯ ಭತ್ತದ ಬೇಸಾಯವು ಅವರಿಗೆ ತಲೆತಲಾಂತರದ ವಿದ್ಯೆ. ಅವರ ಊರಿನಲ್ಲಿ ಆ ವಿದ್ಯೆಯು ಎಲ್ಲರಿಗೂ ಗೊತ್ತಿದ್ದದ್ದು, ಆದುದರಿಂದ ಅದಕ್ಕೆ ವಿಶೇಷ ಬೆಲೆಯಿರಲಿಲ್ಲ. ಜೋಳ, ಸಜ್ಜೆ, ಹತ್ತಿಗಳ ಮಳೆಯಾಶ್ರಿತ ಬೇಸಾಯದಲ್ಲಿ ಪಳಗಿದ ನಮ್ಮ ಸೀಮೆಯಲ್ಲಿ ಅದು ಅಪರೂಪದ್ದು, ಆದುದರಿಂದ ಅದಕ್ಕೆ ಬಹಳ ಬೆಲೆ. ನಮ್ಮ ರೈತನು ದಡ್ಡನಾಗಿದ್ದನೆಂದು ಇದರ ಅರ್ಥವಲ್ಲ. ಒಣಭೂಮಿಯಲ್ಲಿ ಅವನ ಜಾಣ್ಮೆಯು ಅವರಿಗೆ ಇರಲಿಲ್ಲ. ಮೊಲದ ಬೇಟೆಗಾರನ ಊರಿಗೆ ಒಮ್ಮೆಲೆ ಹೊಳೆಯು ಹರಿದುಬಂದರೆ ಅವನ ಗತಿ ಏನಾಗುವದೋ ಅದೇ ಆಯಿತು. ನೀರನ್ನು ತಂದ ಸರಕಾರವು ನೀರಿನ ವಿದ್ಯೆಯನ್ನೂ ಅಷ್ಟೇ ತ್ವರೆಯಿಂದ ತಂದಿದ್ದರೆ ಅನೇಕರು ತಮ್ಮ ಹೊಲಗಳನ್ನು ಮಾರದೆ ಉಳಿಯುತ್ತಿದ್ದರು.

ಯೋಗ್ಯತೆಯೆಂಬದು ಒಂದೇ ಅಳತೆಗೋಲಿನಿಂದ ಅಳೆಯುವ ವಸ್ತುವಲ್ಲವೆಂಬದಕ್ಕೆ ಹಂಪಿಯೂ ಸಾಕ್ಷಿ. 1986ರಲ್ಲಿ ಜಾಗತಿಕ ಪರಂಪರೆಯ ಸ್ಥಾನವೆಂದು ಮನ್ನಣೆ ಪಡೆದ ಈ ಕ್ಷೇತ್ರದಲ್ಲಿ ಮಾರ್ಗದರ್ಶಿಯ ಕೆಲಸ ಮಾಡುವವನಿಗೆ ಒಂದೊಂದು ಮಂಟಪದ ಕಥೆಯೂ ಬಾಯಲ್ಲಿದೆ. ಅವನ ಜ್ಞಾನವು ಅಲ್ಪವಾದದ್ದಲ್ಲ. ಆದರೆ ಅದು ಹಂಪಿಯಲ್ಲಿ ಮಾತ್ರ ಮಾರಾಟವಾಗುವ ಸರಕು. ಅವನು ಬೆಂಗಳೂರಿಗೆ ಹೋದರೆ ಬರಿಗೈಯವನು. ಲಾರಿಯ ಚಾಲಕನ ಕೈಗುಣಕ್ಕೆ ಸಂಡೂರಿನಲ್ಲಿಯೂ ಮುಂಬಯಿಯಲ್ಲಿಯೂ ಗಿರಾಕಿ ಉಂಟು. ಮಾರ್ಗದರ್ಶಿಯು ಉಳಿದದ್ದು ಅಯೋಗ್ಯತೆಯಿಂದಲ್ಲ, ಚಾಲಕನು ಹೋದದ್ದು ಯೋಗ್ಯತೆಯ ಆಧಿಕ್ಯದಿಂದಲ್ಲ. "ಯೋಗ್ಯರು ಹೋದರು, ಉಳಿದವರು ಉಳಿದರು" ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇನ್ನು ಗುಳೆಯ ಮಾತು. ಕೈಲಾಗದವರು ಗುಳೆ ಹೋಗುತ್ತಾರೆಂಬದು ಕಣ್ಣಿಗೆ ಕಾಣುವ ಸಂಗತಿಗೆ ವಿರುದ್ಧವಾಗಿದೆ. ಕಬ್ಬು ಕಡಿಯುವವರಿಗೆ ಸಿಕ್ಕುವದು ದಿನಗೂಲಿಯಲ್ಲ, ಟನ್ನಿನ ಲೆಕ್ಕದ ಕೂಲಿ. ನಸುಕಿನಲ್ಲಿ ಎದ್ದು, ಗರಿಯಿಂದ ಮೈ ಕೊಯ್ಯಿಸಿಕೊಂಡು, ಕಡಿದು, ಕಟ್ಟಿ, ಗಾಡಿಗೆ ಹೇರಬಲ್ಲ ಗಟ್ಟಿ ಗಂಡಹೆಂಡಿರಿಗೆ ಮಾತ್ರ ಅಲ್ಲಿ ಗಳಿಕೆ. ಇತ್ತ ಊರಿನಲ್ಲಿ 2005ರ ಉದ್ಯೋಗ ಖಾತರಿಯ ಕಾನೂನಿನ ಮೇರೆಗೆ ಕೊಡುತ್ತಿದ್ದ ಕೂಲಿಯು 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ. ಅಳತೆಯ ಕೆಲಸವೆಂದು ನಿಯಮವಿದ್ದರೂ ದುಡಿಮೆಗಾರನಿಗೆ ಆ ಮಿತಿಯ ಆಚೆಗೆ ಹೆಚ್ಚಿನ ಫಲ ಕಾಣುತ್ತಿರಲಿಲ್ಲ. ಆದುದರಿಂದ ಊರಿನ ಕೆಲಸಕ್ಕೆ ವೃದ್ಧರೂ, ಮಕ್ಕಳ ತಾಯಂದಿರೂ, ಶಕ್ತಿ ಕುಂದಿದವರೂ ಉಳಿದರು, ತೋಳ್ಬಲವುಳ್ಳವರು ಹೊರಟರು. ಆ ಯೋಜನೆಯನ್ನು ನಾವು ಹಳಿಯುವದಿಲ್ಲ. ಅಶಕ್ತನಿಗೆ ಅದು ಅನ್ನವನ್ನು ಕೊಟ್ಟಿತು, ಅದು ದೊಡ್ಡ ಪುಣ್ಯದ ಕೆಲಸ. ಆದರೆ ಗುಳೆಯನ್ನು ನಿಲ್ಲಿಸುವದೆಂಬ ಆಶೆಯಿಂದ ಅದನ್ನು ನೋಡಿದವರು ನಿರಾಶರಾದದ್ದು ಆಶ್ಚರ್ಯವಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾನೂನಿನ ಸ್ಥಾನದಲ್ಲಿ ಹೊಸದನ್ನು ತಂದು ಕೆಲಸದ ದಿನಗಳನ್ನು 100ರಿಂದ 125ಕ್ಕೆ ಏರಿಸಿತು. ದಿನಗಳ ಸಂಖ್ಯೆಯು ಹೆಚ್ಚಿದ ಮಾತ್ರಕ್ಕೆ ಗಟ್ಟಿ ದುಡಿಮೆಗಾರನ ಲೆಕ್ಕವು ಬದಲಾಗುವದಿಲ್ಲವೆಂಬದನ್ನು ಅಧಿಕಾರಿಗಳು ಮರೆಯಬಾರದು.

ಆದರೆ ಒಂದು ಮುಖ್ಯ ಭೇದವನ್ನು ಇಲ್ಲಿಯೇ ಹೇಳಬೇಕು. ಎಂಜಿನಿಯರನ ಪಯಣಕ್ಕೂ ತಾಂಡಾದವರ ಪಯಣಕ್ಕೂ ಅಜಗಜಾಂತರವಿದೆ. ಮೇಸ್ತ್ರಿಯು ಮಳೆಗಾಲದಲ್ಲಿಯೇ ಮುಂಗಡ ಹಣವನ್ನು ಕೊಟ್ಟಿರುತ್ತಾನೆ. ಮದುವೆಗೋ, ಔಷಧಕ್ಕೋ ಆ ಹಣವು ಖರ್ಚಾಗಿ ಹೋಗಿರುತ್ತದೆ. ಆಮೇಲೆ ಹೋಗುವದೋ ಬಿಡುವದೋ ಎಂಬ ಪ್ರಶ್ನೆಯೇ ಉಳಿಯುವದಿಲ್ಲ. ಪಂಡಿತರ ಲೆಕ್ಕದಲ್ಲಿ ಮನುಷ್ಯನು ಎರಡು ಕಡೆಯ ಗಳಿಕೆಯನ್ನು ತೂಗಿ ಸ್ವತಂತ್ರನಾಗಿ ಆರಿಸಿಕೊಳ್ಳುತ್ತಾನೆ. ಇಲ್ಲಿ ತಕ್ಕಡಿಯ ಒಂದು ತಟ್ಟೆಯ ಮೇಲೆ ಸಾಲವು ಕೈಯೂರಿ ಕುಳಿತಿದೆ. ಗಟ್ಟಿಮುಟ್ಟಾದವರನ್ನೇ ನೋಡಿ ಮೇಸ್ತ್ರಿಯು ಮುಂಗಡ ಕೊಡುತ್ತಾನೆಂದ ಮೇಲೆ ಆರಿಸುವವನು ಅವನೇ ಹೊರತು ಹೋಗುವವರಲ್ಲ. ಜೀತವನ್ನು 1976ರ ಕಾನೂನು ನಿಷೇಧಿಸಿದೆ. ವಲಸೆ ಕೂಲಿಕಾರರ 1979ರ ಕಾನೂನು ಹೋಗಿ 2020ರ ಸಂಹಿತೆಯು ಬಂದಿದೆ. ಆದರೆ ಈ ಎರಡರ ದೃಷ್ಟಿಯೂ ರಾಜ್ಯದ ಗಡಿಯನ್ನು ದಾಟಿದವನ ಮೇಲೆ. ಸಂಡೂರಿನಿಂದ ಮಂಡ್ಯಕ್ಕೆ ಹೋದವನು ಗಡಿಯನ್ನು ದಾಟಿಲ್ಲ; ಆದುದರಿಂದ ಅವನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಯೋಗ್ಯತೆಗೂ ಗಳಿಕೆಗೂ ಸಂಬಂಧವು ಕಡಿದುಹೋದರೆ ಏನಾಗುವದೆಂಬದಕ್ಕೆ ನಮ್ಮ ಗಣಿಗಳ ಇತಿಹಾಸವೇ ಪಾಠ. ಈ ಶತಮಾನದ ಮೊದಲ ದಶಕದಲ್ಲಿ ಚೀನದ ಬೇಡಿಕೆಯಿಂದ ಅದಿರಿನ ಬೆಲೆಯು ಮುಗಿಲಿಗೇರಿತು. ಹೊಸಪೇಟೆ, ಸಂಡೂರು, ಬಳ್ಳಾರಿಗಳ ರಸ್ತೆಗಳು ಲಾರಿಗಳಿಂದ ಕೆಂಪಾದವು. ಓದನ್ನು ಅರ್ಧಕ್ಕೆ ಬಿಟ್ಟ ಹುಡುಗನಿಗೆ ಪದವೀಧರನಿಗಿಂತ ಹೆಚ್ಚು ಹಣ ಕಂಡಿತು. ಆ ದಿನಗಳಲ್ಲಿ ಶಾಲೆಯ ಬೆಲೆಯು ಇಳಿದುಹೋದದ್ದು ಸಹಜ. 2006ರಿಂದ 2010ರ ವರೆಗೆ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿಗಳ ಹಾನಿಯಾಯಿತೆಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ವರದಿ ಮಾಡಿದರು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ಸಾಲುಗಟ್ಟಿ ನಿಂತವು. ಬೊಕ್ಕಸದ ಹಾನಿಯನ್ನು ಎಣಿಸಿದವರು ಉಂಟು. ಓದನ್ನು ಬಿಟ್ಟ ಹುಡುಗರ ಹಾನಿಯನ್ನು ಎಣಿಸಿದವರಿಲ್ಲ. ಹೊರಗೆ ಮಾರಬಲ್ಲ ವಿದ್ಯೆಯಿಲ್ಲದೆ, ಊರಿನಲ್ಲಿ ಕೆಲಸವೂ ಇಲ್ಲದೆ ಅವರು ಎರಡೂ ಕಡೆಗೆ ಎರವಾದರು.

ಹಾಗಾದರೆ ಮಾಡತಕ್ಕದ್ದೇನು? ಗುಣವಂತರನ್ನು ಊರಿನಲ್ಲಿ ನಿಲ್ಲಿಸಲು ಎರಡು ಉಪಾಯಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ನಾಡಿನ ಋಣದ ಉಪದೇಶವು ಮೊದಲನೆಯದು. ಉಪದೇಶದಿಂದ ಮನೆಯ ಬಾಡಿಗೆ ತೀರುವದಿಲ್ಲ. ಸ್ಥಳೀಯರಿಗೆ ಮೀಸಲಾತಿಯು ಎರಡನೆಯದು. ಸಂವಿಧಾನದ 371(ಜೆ) ಕಲಮಿನಿಂದ ಕಲ್ಯಾಣ ಕರ್ನಾಟಕದ ಅನೇಕ ಸುಶಿಕ್ಷಿತರಿಗೆ ತಮ್ಮ ಸೀಮೆಯಲ್ಲಿಯೇ ನೌಕರಿ ದೊರೆತಿದೆ. ಈ ಲಾಭವು ಅಲ್ಪವಾದದ್ದಲ್ಲ, ಅದನ್ನು ಕಾಯ್ದುಕೊಳ್ಳಲೇಬೇಕು. ಆದರೆ ಸರಕಾರಿ ವೇತನಶ್ರೇಣಿಯು ಸೇವೆಯ ವರುಷಗಳನ್ನು ಎಣಿಸುತ್ತದೆ, ಕೆಲಸದ ನೈಪುಣ್ಯವನ್ನು ಎಣಿಸುವದಿಲ್ಲ. ಭದ್ರತೆಯನ್ನು ಬಯಸುವವನನ್ನು ಅದು ನಿಲ್ಲಿಸುವದು, ಅಸಾಧಾರಣನನ್ನು ನಿಲ್ಲಿಸಲಾರದು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಪಾಲು ಕೊಡಿಸುವ ಮಸೂದೆಗೆ 2024ರ ಜುಲೈಯಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆ ಕೊಟ್ಟು, ವಿರೋಧ ಬಂದೊಡನೆ ತಡೆಹಿಡಿಯಿತು. ಸ್ಥಳೀಯರ ಹಕ್ಕನ್ನು ನಾವು ಮನಃಪೂರ್ವಕವಾಗಿ ಎತ್ತಿಹಿಡಿಯುತ್ತೇವೆ. ತಮ್ಮ ಬೆಟ್ಟಗಳನ್ನು ಅಗೆದ ಉದ್ಯಮದಲ್ಲಿ ಸಂಡೂರಿನ ಮಕ್ಕಳಿಗೆ ಪಾಲು ಸಿಕ್ಕಬೇಕೆಂಬದು ಭಿಕ್ಷೆಯಲ್ಲ, ನ್ಯಾಯ. ಆದರೆ ಬಾಗಿಲ ಕಾವಲಿನ ಕೆಲಸಕ್ಕೂ ತೋಟದ ಕೆಲಸಕ್ಕೂ ಅವರನ್ನು ನೇಮಿಸಿ ಸಂಖ್ಯೆಯನ್ನು ತುಂಬಿದರೆ ಆ ನ್ಯಾಯವು ಸಂದಂತಾಗುವದಿಲ್ಲ. ಕೆಳಗಿನ ಮೆಟ್ಟಿಲಿಗೆ ಸೇರಿದವನು ತನ್ನ ಗುಣದಿಂದ ಮೇಲಿನ ಮೆಟ್ಟಿಲಿಗೆ ಏರುವ ದಾರಿಯಿರಬೇಕು.

ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, 2015ರ ಕಾನೂನಿನಂತೆ ಸ್ಥಾಪಿತವಾದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ಒಂದು ಗಣನೀಯ ಭಾಗವನ್ನು ಲೋಹ, ಯಂತ್ರ, ವಿದ್ಯುತ್ತುಗಳ ಮೇಲ್ಮಟ್ಟದ ಕೈಗಾರಿಕಾ ಶಿಕ್ಷಣಕ್ಕೆ ವಿನಿಯೋಗಿಸಬೇಕು. ಸಂಡೂರಿನ ನಂದಿಹಳ್ಳಿಯಲ್ಲಿ ಖನಿಜ ಸಂಸ್ಕರಣದ ಉಚ್ಚ ಶಿಕ್ಷಣವು ಈಗಾಗಲೇ ನಡೆದುಬಂದಿದೆ. ಅಲ್ಲಿ ಕಲಿತವರಿಗೆ ಎದುರಿಗೇ ಇರುವ ಗಣಿ, ಕಾರಖಾನೆಗಳಲ್ಲಿ ಪರೀಕ್ಷೆಯ ಮೂಲಕ, ಬಹಿರಂಗವಾಗಿ ಸ್ಥಾನ ಸಿಕ್ಕಬೇಕು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಸುಳ್ಳು ಮಾಡುವದು ಉದ್ಯಮಪತಿಗಳ ಕೈಯಲ್ಲಿದೆ.

ಎರಡನೆಯದಾಗಿ, ಊರಿನಲ್ಲಿಯೇ ಗುಣಕ್ಕೆ ಬೆಲೆ ಬರುವ ಉದ್ಯೋಗಗಳನ್ನು ಗುರುತಿಸಿ ಬೆಳೆಸಬೇಕು. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯು ಹಂಪಿಯಲ್ಲಿ ಕೂಡಿದಾಗ ಆ ಕಸೂತಿಯ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಕಬ್ಬಿನ ಗದ್ದೆಯಲ್ಲಿ ಕೊಯ್ತ ಹಿಡಿಯುವ ಕೈಗೂ ಕನ್ನಡಿ ಕೂರಿಸಿ ಹೊಲಿಯುವ ಕೈಗೂ ಭೇದವಿಲ್ಲ; ಎರಡೂ ತಾಂಡಾದ ಕೈಗಳೇ. ಒಂದು ಬಟ್ಟೆಯ ಬೆಲೆಯಲ್ಲಿ ಹೊಲಿದವಳಿಗೆ ಸಲ್ಲುವ ಪಾಲು ಎಷ್ಟೆಂಬದರ ಮೇಲೆ ಅವಳು ಸುಗ್ಗಿಯ ಕಾಲಕ್ಕೆ ಊರಿನಲ್ಲಿರುವಳೋ ಇಲ್ಲವೋ ಎಂಬದು ನಿಂತಿದೆ.

ಮೂರನೆಯದಾಗಿ, ಹೋಗುವವರಿಗೆ ಅಡ್ಡಗಟ್ಟದೆ, ಅವರ ಹೋಗುವಿಕೆಯನ್ನು ಸಾಲದ ಬಿಗಿಯಿಂದ ಬಿಡಿಸಬೇಕು. ಮುಂಗಡದ ಮೊತ್ತ, ಟನ್ನಿನ ದರ, ಕೆಲಸದ ಅವಧಿ ಇವು ಗ್ರಾಮ ಪಂಚಾಯತಿಯ ದಫ್ತರದಲ್ಲಿ ಬರಹದಲ್ಲಿರಲಿ, ರಾಜ್ಯದ ಗಡಿಯೊಳಗೆ ಹೋದರೂ ಇರಲಿ. ಗುಳೆಯ ತಿಂಗಳುಗಳಲ್ಲಿ ಮಕ್ಕಳಿಗೆ ತಾಂಡಾದಲ್ಲಿಯೇ ವಸತಿಶಾಲೆಯಿರಲಿ. ತಾಯಿತಂದೆಗಳ ಹಿಂದೆ ಕಬ್ಬಿನ ಗದ್ದೆಗೆ ಹೋದ ಮಗುವಿನ ಯೋಗ್ಯತೆಯನ್ನು ಅಳೆಯುವ ಅವಕಾಶವೇ ಯಾರಿಗೂ ಸಿಕ್ಕುವದಿಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕೆಂದು ಹಿರಿಯರು ಹೇಳಿದ್ದಾರೆ. ಆದುದರಿಂದ ವಲಸೆಯನ್ನು ನಾವು ಪಾತಕವೆಂದು ಎಣಿಸುವದಿಲ್ಲ. ಕೊಯಮತ್ತೂರು, ಸೇಲಂ ಸೀಮೆಗಳಲ್ಲಿ ಇಂದಿಗೂ ಕನ್ನಡವನ್ನಾಡುವ ದೇವಾಂಗ ನೇಕಾರರ ಹಿರಿಯರು ತಮ್ಮ ವಿದ್ಯೆಗೆ ಬೆಲೆಯಿದ್ದಲ್ಲಿ ಬಾಳಿದರು. ಅದರಿಂದ ಕನ್ನಡಕ್ಕೆ ಕೀರ್ತಿಯೇ ಬಂದಿದೆ. ಆದರೆ ಒಂದು ನಾಡಿನಿಂದ ಯಾರು ಹೋಗುತ್ತಾರೆಂಬದು ಆ ನಾಡು ಯಾವದಕ್ಕೆ ಬೆಲೆ ಕಟ್ಟುತ್ತದೆಂಬದರ ಸಾಕ್ಷಿ. ತುಂಗಭದ್ರೆಯ ದಡದಿಂದ ನಿಪುಣರು ಹೋಗುತ್ತಿದ್ದರೆ ಅವರ ಅಭಿಮಾನವು ಕಡಿಮೆಯಾಯಿತೆಂದು ದೂರುವ ಮೊದಲು, ನಮ್ಮ ಕಾರಖಾನೆ, ಕಚೇರಿ, ಮಾರುಕಟ್ಟೆಗಳು ನೈಪುಣ್ಯಕ್ಕೆ ಏನು ಕೊಡುತ್ತಿವೆಯೆಂಬದನ್ನು ಜಿಲ್ಲೆಯ ಅಧಿಕಾರಿಗಳೂ ಉದ್ಯಮಪತಿಗಳೂ ಲೆಕ್ಕ ಹಾಕಿ ನೋಡಲಿ. ಆ ಲೆಕ್ಕವನ್ನು ಸರಿಪಡಿಸಿದರೆ ಉಳಿಯತಕ್ಕವರು ಕರೆಯದೆಯೇ ಉಳಿಯುವರು. ಹೋಗತಕ್ಕವರು ಸಾಲಗಾರರಾಗಿಯಲ್ಲ, ಸ್ವತಂತ್ರರಾಗಿ ಹೋಗುವರು.